ಚುಕ್ಕೆ ಇಡದ ಹೆಸರು

ತಿರುಪ್ಪೂರು
ಜೂನ್ 12

ಅಕ್ಕ,

ಎರಡು ವರ್ಷದಿಂದ ಮುಚ್ಚಿಟ್ಟ ಮಾತೊಂದನ್ನು ಮೊದಲು ಹೇಳಿಬಿಡುತ್ತೇನೆ. ಕಂಪನಿಯ ರಿಜಿಸ್ಟರಿನಲ್ಲಿ ಒಬ್ಬ ಹುಡುಗಿಯ ಹೆಸರನ್ನು ತಪ್ಪಾಗಿ ಬರೆದವನು ನಾನು. ತಪ್ಪು ಎಂದು ಆ ತಿಂಗಳೇ ಗೊತ್ತಾಗಿತ್ತು. ತಿದ್ದಲಿಲ್ಲ.

ಅವಳ ಹೆಸರು ಬಿಬಾರಿ ಬಸುಮತಾರಿ. ಅಸ್ಸಾಮಿನವಳು. ನಾನು ಈ ಬಟ್ಟೆ ಕಂಪನಿಯಲ್ಲಿ ಹಾಜರಿ ಬರೆಯುವ ಟೈಮ್ ಆಫೀಸಿಗೆ ಸೇರಿದ ಎರಡನೇ ತಿಂಗಳಲ್ಲಿ ಹದಿನೇಳು ಜನರ ಜೊತೆ ಬಂದು ಸಾಲಿನಲ್ಲಿ ನಿಂತಿದ್ದಳು. ಎಲ್ಲರ ಆಧಾರ್ ಕಾರ್ಡುಗಳೂ ಅವರನ್ನು ಕರೆತಂದ ಏಜೆಂಟನ ಹತ್ತಿರ ಇದ್ದವು. ಬಾಯಿಂದ ಕೇಳಿ ಬರೆದುಕೋ ಎಂದರು ಮ್ಯಾನೇಜರ್ ಕುರ್ಚಿಯಲ್ಲಿದ್ದ ದಿವಾಕರ್ ಮಾಮ. ತಮಿಳಿನಲ್ಲಿ ಬರೆದುಕೊಂಡೆ. ತಮಿಳಿನಲ್ಲಿ ಬ-ಗೂ ಪ-ಗೂ ಒಂದೇ ಅಕ್ಷರ. ಸಂಜೆ ಅದನ್ನು ನೋಡಿಕೊಂಡು ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗ ‘ಪಿಪಾರಿ ಪಸುಮತಾರಿ’ ಎಂದು ಮಾಡಿಬಿಟ್ಟೆ. ವಿಮೆಯ ಕಾಗದಕ್ಕೂ ಅದೇ ಹೆಸರು ಹೋಯಿತು.

ಬೇರೆ ಯಾರಾದರೂ ಮಾಡಿದ್ದರೆ ಕ್ಷಮಿಸಬಹುದಿತ್ತು. ನಾವು ಮನೆಯಲ್ಲಿ ಕನ್ನಡ ಆಡುವವರು. ಕನ್ನಡದ ಅಕ್ಷರ ಬಾರದೆ, ಈ ಕಾಗದದ ಹಾಗೆ, ಅದನ್ನು ತಮಿಳು ಅಕ್ಷರದಲ್ಲಿ ಬರೆಯುವವರು. ಅದಕ್ಕೇ ಅಲ್ಲವೇ ಪಾಪಾತಿ ಅಜ್ಜಿ ನಮ್ಮಿಬ್ಬರಿಗೂ ಚುಕ್ಕೆ ಇಡುವುದನ್ನು ಕಲಿಸಿದ್ದು? ಬ, ಗ, ದ ಎಂದು ಓದಬೇಕಾದ ಅಕ್ಷರದ ಕೆಳಗೆ ಒಂದು ಚುಕ್ಕೆ. “ಇಲ್ದಿದ್ರೆ ಗಂಡ ಹೋಗಿ ಕಂಡ ಆಗ್ತಾನೆ ಮಗಾ” ಎಂದು ತಲೆಗೆ ಕುಟ್ಟುತ್ತಿದ್ದಳು. ಆ ಚುಕ್ಕೆಯನ್ನು ನಾನು ರಿಜಿಸ್ಟರಿನಲ್ಲಿ ಇಡಲಿಲ್ಲ.

ಮೊದಲ ಸಂಬಳದ ಚೀಟಿ ಹಿಡಿದುಕೊಂಡು ಬಿಬಾರಿ ನನ್ನ ಕಿಟಕಿಗೆ ಬಂದಳು. ತುಟಿ ಎರಡನ್ನೂ ಒತ್ತಿ ಬಿಟ್ಟು, “ಬ ಅಣ್ಣಾ, ಬ. ಪ ಅಲ್ಲ” ಎಂದಳು. ಹಿಂದೆ ನಿಂತವರು ನಕ್ಕರು. ನಾನೂ ನಕ್ಕೆ. ತಿದ್ದುತ್ತೇನೆ ಎಂದೆ. ತಿದ್ದಲು ಮಾಮನ ಸಹಿ ಬೇಕಿತ್ತು. ಹನ್ನೊಂದನೇ ತರಗತಿ ಅರ್ಧಕ್ಕೆ ಬಿಟ್ಟವನಿಗೆ ಕುರ್ಚಿಯ ಕೆಲಸ ಕೊಡಿಸಿದ್ದರು. ಇಷ್ಟು ಬೇಗ ತಪ್ಪು ಹಿಡಿದುಕೊಂಡು ಅವರ ಮುಂದೆ ನಿಲ್ಲಲು ನಾಚಿಕೆಯಾಯಿತು. ಅಷ್ಟೇ ಕಾರಣ.

ಹತ್ತು ದಿನದ ಹಿಂದೆ ಬಟ್ಟೆ ಒತ್ತುವ ಬಿಸಿ ರೋಲರಿಗೆ ಅವಳ ಬಲಗೈ ಸಿಕ್ಕಿತು. ಮೂರು ಬೆರಳು ಹೋಗಿವೆ. ಈಗ ಕಂಪನಿ ಹೇಳುತ್ತಿದೆ: ಬಿಬಾರಿ ಬಸುಮತಾರಿ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ, ಒಳಗೆ ಹೇಗೆ ನುಗ್ಗಿದಳೋ ಗೊತ್ತಿಲ್ಲ. ಪಿಪಾರಿ ಪಸುಮತಾರಿ ಎಂಬವಳೊಬ್ಬಳು ಇದ್ದಳು, ಅವಳು ಮಾರ್ಚ್ 31ಕ್ಕೆ ಬಿಟ್ಟುಹೋದಳು. ಕೆಲಸ ಬಿಟ್ಟವರ ಪುಸ್ತಕದಲ್ಲಿ ಹಾಗೆ ಬರೆದಿದೆ. ಬರೆದದ್ದು ಮಾರ್ಚಿನಲ್ಲಲ್ಲ, ಅಪಘಾತವಾದ ಮರುದಿನ. ಬರೆದು ಸಹಿ ಹಾಕಿದವರು ನಿನ್ನ ಗಂಡ, ದಿವಾಕರ್ ಮಾಮ. ನಾನು ಪಕ್ಕದ ಮೇಜಿನಲ್ಲಿ ಕೂತಿದ್ದೆ.

ನಿನ್ನ ಫೋನು ಅತ್ತೆಯ ಕೈಯಲ್ಲೂ ಭಾನುವಾರ ಮಾಮನ ಕೈಯಲ್ಲೂ ಇರುತ್ತದೆ. ಅದಕ್ಕೇ ಇದನ್ನು ನಿನ್ನ ಗೆಳತಿ ಸೆಲ್ವಿಯ ಟೈಲರ್ ಅಂಗಡಿಗೆ ಹಾಕುತ್ತಿದ್ದೇನೆ. ನೀನೂ ಬರೆ.

ನಿನ್ನ ತಮ್ಮ
ರಾಮ್‌ಕುಮಾರ್


ವೆಳ್ಳಕೋಯಿಲ್
ಜೂನ್ 19

ತಂಬಿ,

ಸೆಲ್ವಿ ನಿನ್ನ ಕಾಗದವನ್ನು ಬ್ಲೌಸಿನ ತುಂಡಿನಲ್ಲಿ ಸುತ್ತಿ ಕೊಟ್ಟಳು. “ಯಾರೇ ಇದು, ಈ ವಯಸ್ಸಿಗೆ ಲವ್ ಲೆಟರು?” ಎಂದು ನಕ್ಕಳು. ಅಡುಗೆಮನೆಯಲ್ಲಿ ನಿಂತು ಓದಿದೆ. ಬೇಳೆ ತಳ ಹಿಡಿಯಿತು. “ಮೂಗು ಅಡ ಇಟ್ಟಿದ್ದೀಯೇನಮ್ಮ?” ಎಂದು ಅತ್ತೆ ಕೂಗಿದರು.

ನಿನ್ನ ರೋಗ ಹೊಸದಲ್ಲ. ಸತ್ಯ ಹೇಳಿ ನೀನು ಕೈ ತೊಳೆದುಕೊಳ್ಳುತ್ತೀಯ, ಆ ಪಾತ್ರೆ ತೊಳೆಯುವವಳು ನಾನು. ಶಾಲೆ ಬಿಟ್ಟದ್ದೂ ಹೀಗೇ ತಾನೆ? ಇಡೀ ಕ್ಲಾಸು ಕಾಪಿ ಹೊಡೆದಿತ್ತು. ಯಾರು ಎಂದು ಕೇಳಿದಾಗ ಎದ್ದು ನಿಂತವನು ನೀನೊಬ್ಬ. ಕೂತಿದ್ದವರೆಲ್ಲ ಕಾಲೇಜು ಮುಗಿಸಿದರು.

ಆ ಹುಡುಗಿಯ ಕೈ ನನಗೂ ಕಣ್ಣ ಮುಂದೆ ಬರುತ್ತದೆ. ಹೆಸರು ತಪ್ಪು ಬರೆದವನು ನಾನು ಎಂದು ಹೇಳಿಕೋ. ನಿನ್ನ ತಪ್ಪು ನಿನ್ನದು, ಬೇಡ ಅನ್ನುವುದಿಲ್ಲ. ಆದರೆ ಆ ಪುಸ್ತಕದ ಸಹಿ ಯಾರದು ಎಂದು ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನು. ಒಂದು ಮಾತು. ಅಮ್ಮ ಹೋದ ಮೇಲೆ ನಿನಗೆ ತಲೆ ಬಾಚಿದವಳು ನಾನು. ಇಲ್ಲಿಯವರೆಗೆ ನಿನ್ನನ್ನು ಏನನ್ನೂ ಕೇಳಿಲ್ಲ.

ನಿತ್ಯಾ


ತಿರುಪ್ಪೂರು
ಜುಲೈ 6

ಅಕ್ಕ,

ನೀನು ಕೇಳಿದ್ದನ್ನು ಇನ್ನೂ ಯೋಚಿಸುತ್ತಿದ್ದೇನೆ. ಇವತ್ತು ಆಸ್ಪತ್ರೆಗೆ ಹೋಗಿದ್ದೆ. ಅದನ್ನು ಬರೆಯುತ್ತೇನೆ.

ಬಿಬಾರಿ ಬೈಯುತ್ತಾಳೆ ಎಂದುಕೊಂಡಿದ್ದೆ. ನನ್ನನ್ನು ನೋಡಿದ್ದೇ ಸಾತುಕುಡಿ ಹಣ್ಣೊಂದನ್ನು ಎಡಗೈಯಲ್ಲಿ ಎಸೆದು, “ಸುಲಿದು ಕೊಡಣ್ಣಾ, ಮೂರು ದಿನದಿಂದ ನನ್ನನ್ನೇ ನೋಡ್ತಾ ಇದೆ” ಎಂದಳು. ಸುಲಿಯುತ್ತಾ ಹೇಳಿದೆ, ಹೆಸರು ಕೆಡಿಸಿದವನು ನಾನೇ ಎಂದು.

“ಗೊತ್ತು. ನಾನೇ ಅಲ್ವಾ ಬಂದು ಹೇಳಿದ್ದು.”

ಎರಡು ವರ್ಷದಲ್ಲಿ ನಿನ್ನ ಊರು ಯಾವುದು ಎಂದು ನಾನು ಕೇಳಿರಲಿಲ್ಲ. ರಿಜಿಸ್ಟರಿನ ಊರಿನ ಕಾಲಮ್ಮಿನಲ್ಲಿ ‘ಅಸ್ಸಾಂ’ ಎಂದು ಬರೆದು ಮುಗಿಸಿದ್ದೆ. ಇವತ್ತು ಕೇಳಿದೆ. ಅವಳು ಹೊದಿಕೆಯನ್ನು ಮಂಡಿಯ ಮೇಲೆ ಎಳೆದು ಮಡಿಕೆ ಮಾಡಿ, ಇದು ಭೂತಾನಿನ ಬೆಟ್ಟ, ನಮ್ಮ ಅಂಗಳದಲ್ಲಿ ನಿಂತರೆ ಉತ್ತರಕ್ಕೆ ನೀಲಿಯಾಗಿ ಕಾಣುತ್ತದೆ ಎಂದಳು. ಬ್ಯಾಂಡೇಜಿನ ದಾರವೊಂದನ್ನು ಬೆಟ್ಟದಿಂದ ಕೆಳಗೆ ಬಿಟ್ಟಳು. ಅದು ಆಯಿ ನದಿ. ಆಯಿ ಎಂದರೆ ತಾಯಿ ಎಂದೇ ಅರ್ಥವಂತೆ. ಚಳಿಗಾಲದಲ್ಲಿ ಸೈಕಲ್ ತಳ್ಳಿಕೊಂಡು ದಾಟಬಹುದು. ಮಳೆಗಾಲದಲ್ಲಿ ಅದು ಜಾಗ ಬದಲಿಸಿ ಗದ್ದೆ ತಿನ್ನುತ್ತದೆ. ಅವಳಪ್ಪನ ಗದ್ದೆ ಈಗ ನದಿಯ ಆಚೆ ದಡದ ಮರಳಿನಲ್ಲಿದೆ. ಸಾತುಕುಡಿಯ ಸಿಪ್ಪೆಯನ್ನು ಹಾಸಿಗೆಯ ಎಡತುದಿಯಲ್ಲಿಟ್ಟು, ಇದು ಕೊಕ್ರಾಝಾರ್, ನಮ್ಮ ಕೌನ್ಸಿಲ್ ಇರುವ ಪಟ್ಟಣ ಎಂದಳು.

ಅವಳ ನಾಡು ಬೋಡೋಲ್ಯಾಂಡ್, ಐದು ಜಿಲ್ಲೆಗೆ ಒಂದು ಕೌನ್ಸಿಲ್. ಅಸ್ಸಾಮಿನ ಒಳಗೇ ಇದೆ, ಆದರೆ ಭೂಮಿ, ಕಾಡು, ಶಾಲೆ, ಮಗ್ಗ ಎಲ್ಲ ಅದರ ಕೈಯಲ್ಲಿ. ಪೊಲೀಸರು ಮಾತ್ರ ರಾಜ್ಯ ಸರ್ಕಾರದವರು. “ಮನೆ ನಮಗೆ ಕೊಟ್ಟಿದ್ದಾರೆ, ಬೀಗದ ಕೈ ರಾಜಧಾನಿ ದಿಸ್ಪುರದಲ್ಲಿದೆ” ಎಂದು ಅವಳಪ್ಪ ಹೇಳುತ್ತಾನಂತೆ. ಹೆಸರು ಬೋಡೋಲ್ಯಾಂಡ್ ಎಂದಿದ್ದರೂ ಅಲ್ಲಿ ಅವಳ ಜನ ಬೋಡೋಗಳಷ್ಟೇ ಇಲ್ಲ. ರಾಜಬೊಂಗ್ಶಿಗಳು, ಸಂತಾಲರು, ನೇಪಾಳಿಗಳು, ಮುಸಲ್ಮಾನರು. ಅವಳು ಒಂಬತ್ತು ವರ್ಷದವಳಾಗಿದ್ದಾಗ ದೊಡ್ಡ ಗಲಭೆಯಾಯಿತು. ಎಲ್ಲ ಕಡೆಯ ಜನವೂ ಶಿಬಿರ ಸೇರಿದರು. ಅವರ ಶಿಬಿರ ಒಂದು ಶಾಲೆ. ಬೆಳಿಗ್ಗೆ ಹೆಸರು ಕೂಗಿ ಅಕ್ಕಿ ಕೊಡುತ್ತಿದ್ದರು. ಪಟ್ಟಿಯಲ್ಲಿ ಅವಳ ಅಮ್ಮನ ಹೆಸರು ತಪ್ಪಾಗಿ ಬಿದ್ದಿತ್ತು. ಇದು ನೀನಲ್ಲ ಎಂದು ನಾಲ್ಕು ದಿನ ಹಿಂದಕ್ಕೆ ಕಳಿಸಿದರಂತೆ.

“ಅದಕ್ಕೇ ಕಿಟಕಿಗೆ ಬಂದಿದ್ದೆ” ಎಂದಳು. ಹಣ್ಣು ನನ್ನ ಕೈಯಲ್ಲೇ ಇತ್ತು.

ಅವರಿಗೂ ನಮ್ಮ ಹಾಗೆ ಬೇರೆ ಮಾತಿನ ಅಕ್ಷರವೇ ಗತಿ ಅಕ್ಕ. ಹಿಂದಿಯ ಅಕ್ಷರದಲ್ಲಿ ಬರೆಯುತ್ತಾರೆ. ಯಾವ ಅಕ್ಷರ ಬೇಕು ಎಂದು ಹಿಂದೆ ಚಳವಳಿಯಾಗಿ ಜನ ಗುಂಡಿಗೆ ಸತ್ತರಂತೆ. ನಾವು ಚುಕ್ಕೆ ಇಟ್ಟು ಸುಮ್ಮನಾದೆವು.

ನಗುವ ಹಾಗೆ ಒಂದು ಹೇಳಿದಳು. ಇಲ್ಲಿಗೆ ಬಂದ ಹೊಸದರಲ್ಲಿ ಮನೆ ಮಾಲೀಕ ನೀವು ಯಾರು ಎಂದು ಕೇಳಿದ. ಇವಳು “ಬೋಡೋ” ಎಂದಳು. ಅವನಿಗೆ ಕೇಳಿಸಿದ್ದು ತಮಿಳಿನ ‘ಪೋಡಾ’, ಹೋಗೋ ಎಂದು. ಮುಂಗಡ ಕೊಟ್ಟಿದ್ದನ್ನು ಅಲ್ಲೇ ವಾಪಸು ಕೊಟ್ಟುಬಿಟ್ಟನಂತೆ.

ರಾಮ್‌ಕುಮಾರ್


ತಿರುಪ್ಪೂರು
ಜುಲೈ 28

ಅಕ್ಕ,

ಬಿಬಾರಿ ಮತ್ತು ಪಿಪಾರಿ ಒಬ್ಬಳೇ ಎಂದು ತೋರಿಸಲು ಅವಳ ಊರಿನಿಂದ ಪತ್ರ ಬೇಕಿತ್ತು. ಅವಳಪ್ಪ ಕಳಿಸಿದ. ವಿಮೆಯ ಕಚೇರಿಗೆ ತೆಗೆದುಕೊಂಡು ಹೋದೆ. ಗುಮಾಸ್ತ ತಿರುಗಿಸಿ ಮುರುಗಿಸಿ ನೋಡಿದ.

“ಪಂಚಾಯತಿ ಪ್ರೆಸಿಡೆಂಟ್ ಸಹಿ ಎಲ್ಲಿ?”

“ಅಲ್ಲಿ ಪಂಚಾಯತಿ ಇಲ್ಲ ಸಾರ್. ಕೌನ್ಸಿಲ್ಲೇ ಊರಿಗೊಂದು ಸಮಿತಿ ನೇಮಿಸುತ್ತೆ. ಅದರ ಅಧ್ಯಕ್ಷರ ಸಹಿ ಇದೆ.”

“ಪಂಚಾಯತಿ ಇಲ್ಲದ ಊರು ಎಲ್ಲಿದೆ ತಂಬಿ? ಚಂದ್ರನಲ್ಲಾ?” ಪಕ್ಕದವರು ನಕ್ಕರು. “ಸರಿ, ಇದು ಸ್ಟೇಟ್ ಗವರ್ಮೆಂಟಾ, ಸೆಂಟ್ರಲ್ ಗವರ್ಮೆಂಟಾ?”

“ಎರಡೂ ಅಲ್ಲ ಸಾರ್. ಅಸ್ಸಾಮಿನೊಳಗೇ ಇನ್ನೊಂದು...”

“ಎರಡೂ ಅಲ್ಲದ ಗವರ್ಮೆಂಟಿಗೆ ನನ್ನ ಫಾರ್ಮಿನಲ್ಲಿ ಕಾಲಮ್ ಇಲ್ಲಪ್ಪಾ.”

ಪತ್ರವನ್ನು ಮೇಜಿನ ಮೇಲೆ ತಳ್ಳಿದ. ಅಲ್ಲಿಂದ ಕಾರ್ಮಿಕ ಕಚೇರಿಗೆ ಹೋದೆ. ದೇವರಾಜನ್ ಎಂಬ ಅಧಿಕಾರಿ ಕೂಗಾಡದೆ ಎಲ್ಲವನ್ನೂ ಓದಿದರು. ಆಗಸ್ಟ್ 26ಕ್ಕೆ ವಿಚಾರಣೆ ಇಟ್ಟಿದ್ದಾರೆ. ಕಂಪನಿಯ ಪುಸ್ತಕ ತರಿಸುತ್ತಾರೆ, ನನ್ನನ್ನು ಕೇಳುತ್ತಾರೆ.

ಸಂಜೆಯೇ ಮಾಮನಿಗೆ ಗೊತ್ತಾಯಿತು. ಟೀ ಹಿಡಿದುಕೊಂಡು ಮಹಡಿಗೆ ಕರೆದರು. ಅಲ್ಲಿ ನಮ್ಮ ಮನೆಮಾತಿನಲ್ಲಿ ಮಾತಾಡಿದರು. ಕಂಪನಿಯಲ್ಲಿ ಅವರು ನನ್ನೊಡನೆ ಕನ್ನಡ ಆಡಿದ್ದು ಅದೇ ಮೊದಲು.

“ಕುಮಾರು, ನಾನು ಕೆಟ್ಟವನಾ?”

“ಕೆಟ್ಟವರಲ್ಲ ಮಾಮ. ಬರೆದದ್ದು ಸುಳ್ಳು.”

“ಆಕ್ಸಿಡೆಂಟ್ ಅಂತ ಬಟ್ಟೆ ಕೊಳ್ಳೋ ಫಾರಿನ್ ಕಂಪನಿಗೆ ಗೊತ್ತಾದ್ರೆ ಆರ್ಡರ್ ಹೋಯ್ತು. ನಾನೂರು ಜನ ಮನೆಗೆ ಹೋಗ್ತಾರೆ. ಅದರಲ್ಲಿ ಆ ಹುಡುಗಿಯ ಊರವರೇ ಅರವತ್ತು ಜನ. ಅವರನ್ನೂ ಕೇಳಿದ್ಯಾ?”

ಕೇಳಿರಲಿಲ್ಲ.

“ಹನ್ನೊಂದನೇ ಕ್ಲಾಸು ದಾಟದವನಿಗೆ ಯಾರು ಕೊಟ್ರು ಈ ಕುರ್ಚಿ? ಅವಳೇನು ನಮ್ಮ ಜನವಾ, ನಮ್ಮ ಮಾತಾ?”

“ಮೂರು ಬೆರಳು ಮಾಮ.”

ಅವರು ಟೀಯನ್ನು ಗೋಡೆಯಾಚೆಗೆ ಚೆಲ್ಲಿ ಇಳಿದುಹೋದರು. ಒಂದು ಗುಟುಕೂ ಕುಡಿದಿರಲಿಲ್ಲ. ಅದನ್ನೂ ನಿನಗೆ ಹೇಳಬೇಕು.

ರಾಮ್‌ಕುಮಾರ್


ತಿರುಪ್ಪೂರು
ಆಗಸ್ಟ್ 9

ಅಕ್ಕ,

ನಿನ್ನ ಕಾಗದ ಬಂತು. ತೇದಿ ಇಲ್ಲ, ಹೆಸರಿಲ್ಲ, ಒಂದೇ ಸಾಲು. ಇಪ್ಪತ್ತು ಸಲ ಓದಿದ್ದೇನೆ.

“ನನ್ನ ಬಾಳು ನಿನ್ನ ಕೈಯಲ್ಲಿದೆ” ಎಂದು ಮೊದಲು ಓದಿದೆ. ಆಮೇಲೆ ನೋಡಿದರೆ ಅಕ್ಷರದ ಕೆಳಗೆ ಚುಕ್ಕೆ ಇಲ್ಲ. ಅಜ್ಜಿಯ ಲೆಕ್ಕದಲ್ಲಿ ಅದು ‘ಪಾಳು’. ನನ್ನ ಪಾಳು ನಿನ್ನ ಕೈಯಲ್ಲಿದೆ. ಕೊನೆಯ ‘ಇದೆ’ಗೆ ಮರೆಯದೆ ಇಟ್ಟಿದ್ದೀಯ. ಇದೊಂದಕ್ಕೆ ಇಲ್ಲ. ಬೇಕೆಂದೇ ಬಿಟ್ಟೆಯಾ, ಮರೆತೆಯಾ? ನೀನು ಬೇಡಿಕೊಳ್ಳುತ್ತಿದ್ದೀಯೋ ಶಪಿಸುತ್ತಿದ್ದೀಯೋ ನನಗೆ ತಿಳಿಯುತ್ತಿಲ್ಲ.

ಗೊತ್ತಿಲ್ಲ ಎಂದು ಹೇಳಿ ನೋಡಿದೆ. ಕನ್ನಡಿಯ ಮುಂದೆ ನಿಂತು, ತಮಿಳಿನಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ. ಬಾಯಿಗೆ ಬರುತ್ತದೆ. ಸುಲಭವಾಗಿಯೇ ಬರುತ್ತದೆ. ಬಿಬಾರಿಗೆ ತಿದ್ದುತ್ತೇನೆ ಎಂದದ್ದೂ ಅಷ್ಟೇ ಸುಲಭವಾಗಿತ್ತು.

ಅದಕ್ಕೇ ಮಾತು ಕೊಡುತ್ತಿಲ್ಲ. ಕೊಟ್ಟು ತಪ್ಪಿದರೆ ಎರಡು ಸುಳ್ಳಾಗುತ್ತದೆ. ಯಾವ ಅಕ್ಷರ ಎಂದಾದರೂ ಬರೆ.

ರಾಮ್‌ಕುಮಾರ್


ವೆಳ್ಳಕೋಯಿಲ್
ಆಗಸ್ಟ್ 16

ರಾಮ್‌ಕುಮಾರ್,

ಬಾಳು ಎಂದು ಬರೆಯಲು ಕೂತೆ. ಚುಕ್ಕೆ ಇಡುವ ಹೊತ್ತಿಗೆ ನಿನ್ನ ಮಾಮ ಒಳಗೆ ಬಂದರು, ಕಾಗದ ಮಡಿಸಿಟ್ಟೆ, ಉಳಿದದ್ದನ್ನು ಆಮೇಲೆ ಬರೆದೆ. ಅಷ್ಟೇ ನಡೆದದ್ದು. ಅದರಲ್ಲೂ ನೀನು ನನ್ನ ತಪ್ಪು ಹುಡುಕಿದೆ.

ಅವರು ಎರಡು ವಾರದಿಂದ ಅನ್ನ ಕಲಸಿ ಹಾಗೇ ಎದ್ದುಹೋಗುತ್ತಾರೆ. ಮಗಳು “ಅಪ್ಪನಿಗೆ ಜ್ವರವಾ?” ಎಂದು ಕೇಳುತ್ತಾಳೆ. ಜೈಲಿಗೆ ಹಾಕುತ್ತಾರಾ ಎಂದು ಕೇಳಿದೆ. ನಿನ್ನ ತಮ್ಮನನ್ನೇ ಕೇಳು ಎಂದರು. ಆ ಹುಡುಗಿಯ ಊರಿನ ನದಿ ಯಾವ ಕಡೆ ಹರಿಯುತ್ತದೆ ಎಂದು ನಿನಗೆ ಗೊತ್ತು. ನನ್ನ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತಿಲ್ಲ.

ಆ ಸಹಿ ಯಾರದೆಂದು ನೀನು ಹೇಳಿದರೆ ನನಗೆ ತಮ್ಮನಿಲ್ಲ. ಈ ಕಾಗದದಲ್ಲಿ ಚುಕ್ಕೆ ಎಲ್ಲವೂ ಸರಿಯಾಗಿವೆ. ಎರಡು ಸಲ ನೋಡಿದ್ದೇನೆ.

ನಿತ್ಯಾ


ತಿರುಪ್ಪೂರು
ಆಗಸ್ಟ್ 27

ಅಕ್ಕ,

ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ಓದು. ನಿನ್ನೆ ಹೇಳಿಬಿಟ್ಟೆ.

ದೇವರಾಜನ್ ಅವರ ಕೋಣೆ ಚಿಕ್ಕದು. ನಾನು, ಎದುರಿಗೆ ಮಾಮ, ಕಂಪನಿಯ ವಕೀಲ, ಬಾಗಿಲ ಹತ್ತಿರ ಬೆಂಚಿನಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡು ಬಿಬಾರಿ. ಮೊದಲು ಹೆಸರಿನ ಬಗ್ಗೆ ಕೇಳಿದರು. ಹೇಳಿದೆ. ನಾನು ಕೆಡಿಸಿದ್ದು, ಅವಳು ಬಂದು ಹೇಳಿದ್ದು, ನಾನು ನಕ್ಕಿದ್ದು. ವಕೀಲರು “ಹನ್ನೊಂದನೇ ಕ್ಲಾಸು ಫೇಲಾದವನ ಮಾತು” ಎಂದರು. “ಫೇಲಲ್ಲ ಸಾರ್, ಬಿಟ್ಟದ್ದು” ಎಂದೆ. ದೇವರಾಜನ್ ಅದನ್ನೂ ಬರೆದುಕೊಂಡರು.

ಆಮೇಲೆ ಆ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. “ಇದು ಯಾರ ಸಹಿ?”

ಮಾಮ ನನ್ನನ್ನು ನೋಡಲಿಲ್ಲ. ಫ್ಯಾನನ್ನು ನೋಡುತ್ತಿದ್ದರು. ನಿನ್ನ ಕಾಗದ ನನ್ನ ಅಂಗಿಯ ಜೇಬಿನಲ್ಲಿತ್ತು.

“ದಿವಾಕರ್ ಅವರದು ಸಾರ್. ಜೂನ್ ಮೂರನೇ ತಾರೀಕು ಹಾಕಿದ್ದು. ನಾನು ನೋಡಿದೆ.”

“ತಾನಾಗಿ ಹಾಕಿದರಾ?”

“ಮೊದಲು ಒಂದು ಫೋನ್ ಬಂತು. ಸರಿ ಸಾರ್, ಸರಿ ಸಾರ್ ಎಂದರು. ಆಮೇಲೆ ಬರೆದರು.”

“ಫೋನ್ ಮಾಡಿದ್ದು ಮಾಲೀಕರಾ?”

ಆಗ ಮಾಮ ನನ್ನ ಕಡೆ ನೋಡಿದರು ಅಕ್ಕ. ಹೌದು ಎಂದಿದ್ದರೆ ಅವರ ತಲೆಯ ಮೇಲಿನ ಅರ್ಧ ಭಾರ ಇಳಿಯುತ್ತಿತ್ತು. ಅವರ ಕಣ್ಣು ಅದನ್ನೇ ಕೇಳುತ್ತಿತ್ತು. ಮಾಲೀಕರೇ ಮಾಡಿರಬೇಕು, ನನಗೂ ಹಾಗೇ ಅನ್ನಿಸುತ್ತದೆ. ಆದರೆ ನಾನು ಧ್ವನಿ ಕೇಳಿರಲಿಲ್ಲ.

“ಗೊತ್ತಿಲ್ಲ ಸಾರ್” ಎಂದೆ.

ನೀನು ಹೇಳಬೇಕೆಂದು ಕೇಳಿದ ಮಾತನ್ನು ಹೇಳಿದೆ, ಆದರೆ ಹೇಳಬಾರದ ಜಾಗದಲ್ಲಿ. ಯಾರು ಫೋನ್ ಮಾಡಿದ್ದು ಎಂದು ಮಾಮನನ್ನೇ ಕೇಳಿದರು. ಅವರು ಯಾರ ಹೆಸರನ್ನೂ ಹೇಳಲಿಲ್ಲ. ಮಧ್ಯಾಹ್ನಕ್ಕೆ ಕಂಪನಿ ನಮ್ಮಿಬ್ಬರನ್ನೂ ಕೆಲಸದಿಂದ ಹೊರಗೆ ಹಾಕಿತು. ಮ್ಯಾನೇಜರ್ ತನ್ನಷ್ಟಕ್ಕೆ ಮಾಡಿದ ಕೆಲಸ ಎಂದು ವಕೀಲರು ಬರೆದುಕೊಟ್ಟರು. ಗೇಟಿನ ಹೊರಗೆ ಬಸ್ ನಿಲ್ದಾಣದಲ್ಲಿ ಮಾಮನೂ ನಾನೂ ಒಂದೇ ಕಂಬದ ಎರಡು ಕಡೆ ನಿಂತಿದ್ದೆವು. ನಿಮ್ಮೂರ ಕಡೆಯ ಕಾಂಗೇಯದ ಬಸ್ ಬಂದಾಗ ಅವರು ಹತ್ತಿದರು.

ಅವರು ಮನೆಗೆ ಬಂದರಾ? ಅಷ್ಟನ್ನಾದರೂ ಬರೆ.

ರಾಮ್‌ಕುಮಾರ್


ತಿರುಪ್ಪೂರು
ಸೆಪ್ಟೆಂಬರ್ 13

ಅಕ್ಕ,

ಸೆಲ್ವಿಗೆ ಫೋನ್ ಮಾಡಿದ್ದೆ. “ಕಾಗದ ಕೊಟ್ಟೆ ತಂಬಿ. ತಗೊಂಡಳು. ಓದಿದಳೋ ಒಲೆಗೆ ಹಾಕಿದಳೋ ನಾನು ಕಾಣೆ” ಎಂದಳು. ಮಾಮ ಮನೆಯಲ್ಲೇ ಇದ್ದಾರೆ, ಪಕ್ಕದ ಬೀದಿಯ ಪವರ್‌ಲೂಮಿಗೆ ಹೋಗಿಬರುತ್ತಿದ್ದಾರೆ, ಇನ್ನೂ ಪೊಲೀಸರು ಬಂದಿಲ್ಲ ಎಂದೂ ಹೇಳಿದಳು. ನೀನು ತೆಳ್ಳಗಾಗಿದ್ದೀಯಂತೆ. ಇದನ್ನೂ ಅವಳ ಅಂಗಡಿಗೇ ಹಾಕುತ್ತಿದ್ದೇನೆ. ಓದದಿದ್ದರೂ ಹಾಕುತ್ತೇನೆ.

ನಾನು ಮಾಡಿದ್ದು ಸರಿ ಎಂದು ನಿನ್ನಿಂದ ಹೇಳಿಸಿಕೊಳ್ಳಲು ಬರೆಯುತ್ತಿಲ್ಲ. ಸರಿಯೇ ಎಂದು ಬೆಳಿಗ್ಗೆ ಅನ್ನಿಸುತ್ತದೆ. ಮಗು ಕೇಳಿದ್ದು ನೆನಪಾದಾಗ ಅನ್ನಿಸುವುದಿಲ್ಲ. ಎರಡನ್ನೂ ಇದ್ದ ಹಾಗೆ ಬರೆದಿದ್ದೇನೆ.

ಬಿಬಾರಿ ನಮ್ಮಲ್ಲಿ ಕೆಲಸ ಮಾಡುತ್ತಿದ್ದಳು ಎಂದು ದೇವರಾಜನ್ ಒಪ್ಪಿದ್ದಾರೆ. ಆದರೆ ಎರಡು ಹೆಸರೂ ಒಬ್ಬಳದೇ ಎಂಬುದಕ್ಕೆ ಅವಳ ಊರಿನ ಪತ್ರ ಬೇಕೇ ಬೇಕು. ಸಮಿತಿಯ ಸಹಿಯ ಮೇಲೆ ನಮ್ಮ ತಹಸೀಲ್ದಾರರ ಹಾಗಿರುವ ಅಲ್ಲಿಯ ಸರ್ಕಲ್ ಆಫೀಸರ ಮೊಹರು ಇದ್ದರೆ ಸಾಕು, ಇಲ್ಲಿ ಯಾರೂ ಪಂಚಾಯತಿ ಕೇಳದ ಹಾಗೆ ನಾನು ನೋಡಿಕೊಳ್ಳುತ್ತೇನೆ ಎಂದರು. ಅಕ್ಟೋಬರ್ 6ರ ಒಳಗೆ. ಅವಳಪ್ಪ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದಾನೆ. ಈ ತಿಂಗಳು ಅಲ್ಲಿ ಕೌನ್ಸಿಲ್ ಚುನಾವಣೆ, ಎಲ್ಲರೂ ಪ್ರಚಾರದಲ್ಲಿದ್ದಾರೆ. ಹೆಸರು ಹೇಗೆ ಕೆಟ್ಟಿತು ಎಂದು ಕೇಳಿದರೆ ಅವನಿಗೆ ಹೇಳಲು ಬರುವುದಿಲ್ಲ. ತಮಿಳಿನಲ್ಲಿ ಬ-ಗೂ ಪ-ಗೂ ಒಂದೇ ಅಕ್ಷರ ಎಂದು ಅವರಿಗೆ ತೋರಿಸುವವರು ಬೇಕು.

ಬಿಬಾರಿಯ ಗಾಯಕ್ಕೆ ಇನ್ನೂ ದಿನ ಬಿಟ್ಟು ದಿನ ಮದ್ದು ಕಟ್ಟಬೇಕು, ಅವಳು ಪ್ರಯಾಣ ಮಾಡುವಂತಿಲ್ಲ. ನಾನು ಹೋಗಬೇಕಾದ ದಾರಿಯನ್ನು ಎಡಗೈಯಲ್ಲಿ ಬರೆದುಕೊಟ್ಟಿದ್ದಾಳೆ. ನ್ಯೂ ಬೊಂಗಾಯ್‌ಗಾಂವಿನಲ್ಲಿ ಇಳಿದು ಬಸ್ಸು, ಆಮೇಲೆ ಹಂಚಿಕೊಂಡು ಹೋಗುವ ಆಟೋ, ನದಿ ತುಂಬಿದ್ದರೆ ದೋಣಿ. “ಅಮ್ಮ ಅಕ್ಕಿಯ ಮದ್ಯ ಕೊಡ್ತಾಳೆ, ಬೇಡ ಅನ್ನಬೇಡ. ಕುಡಿಯದಿದ್ರೂ ಮುಟ್ಟು” ಎಂದಳು. ಅವಳ ಬೆರಳಿನ ವಿಷಯ ಮನೆಯವರಿಗೆ ಇನ್ನೂ ಪೂರ್ತಿ ಗೊತ್ತಿಲ್ಲ. ಒಂದು ಬೆರಳು ಎಂದುಕೊಂಡಿದ್ದಾರೆ. ಮೂರು ಎಂದು ನಾನೇ ಹೇಳಬೇಕಂತೆ. ನಿನಗೆ ಸುಳ್ಳು ಬರಲ್ಲ, ಅದಕ್ಕೇ ನೀನು ಎಂದಳು.

ಕೋಣೆ ಖಾಲಿ ಮಾಡಿದ್ದೇನೆ. ತಿಂಡಿಗೆ ಪುಳಿಯೋಗರೆ ಕಟ್ಟಿಕೊಂಡಿದ್ದೇನೆ. ಮೂರು ದಿನದ ದಾರಿ. ಟಿಕೆಟ್ ಸಿಕ್ಕಿದೆ, ಸೀಟು ಸಿಕ್ಕಿಲ್ಲ.

ನಾಳೆ ಹೊರಡುತ್ತೇನೆ.

ರಾಮ್‌ಕುಮಾರ್